ಕುಣಿಯುವ ಅಕ್ಷರಗಳು ಮತ್ತು ನಸ್ರೀನ್ ಟೀಚರು

ಇಂದು ಬೆಳಿಗ್ಗೆ ಹೊನ್ನಾವರದಲ್ಲಿ ಬಸ್ಸು ಬಂದು ನಿಂತಾಗ ಅದರ ಹಣೆಯ ಮೇಲಿನ ದೀಪದಕ್ಷರಗಳ ಫಲಕ ಕೆಟ್ಟಿತ್ತು. ‘ಕುಮಟಾ’ದ ಕೊಂಬು ಕಳಚಿ ಪಕ್ಕಕ್ಕೆ ಸರಿದಿತ್ತು, ‘ಟಾ’ ಅರ್ಧ ಮಾತ್ರ ಉರಿಯುತ್ತಿತ್ತು. ಮೀನಿನ ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬಳು, “ಇದು ಎಲ್ಲಿಗ್ ಹೋಗೂದು ಅಕ್ಕೋರೆ?” ಎಂದು ಕೇಳಿದಳು. “ಬೋರ್ಡು ಕೆಟ್ಟದೆ ಮಾರಾಯ್ತಿ, ಬಸ್ಸು ಕೆಟ್ಟಿಲ್ಲ, ಹತ್ತು” ಎಂದೆ. ಅಂದ ಮೇಲೆ ನಗು ಬಂತು. ಈ ಬಗೆಯ ಮಾತು ನನ್ನ ಸ್ವಂತದ್ದಲ್ಲ, ನಸ್ರೀನ್ ಟೀಚರಿಂದ ಅಂಟಿಕೊಂಡದ್ದು.

ಅವರ ಪರಿಚಯವಾದದ್ದೂ ಬಸ್ಸಿನಲ್ಲೇ. ನಾನು ಕುಮಟೆಯ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಅಕ್ಕೋರು, ಅವರು ಅಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಭಟ್ಕಳದಲ್ಲಿ ಹತ್ತಿ, ತಾಯಿಯೊಂದಿಗೆ ಫೋನಿನಲ್ಲಿ ನವಾಯತಿ ಮಾತಾಡುತ್ತ ಬರುತ್ತಿದ್ದ ಅವರು ಹೊನ್ನಾವರದಲ್ಲಿ ನಾನು ಕಂಡೊಡನೆ ಪಕ್ಕದ ಸೀಟಿನ ಚೀಲ ಎತ್ತಿಕೊಂಡು ಕನ್ನಡಕ್ಕೆ ಹೊರಳುತ್ತಿದ್ದರು. ಎರಡು ಭಾಷೆಗಳ ನಡುವೆ ಅವರಿಗೆ ಉಸಿರೆಳೆಯುವಷ್ಟು ಅಂತರವೂ ಬೇಕಿರಲಿಲ್ಲ.

ಹಳೆಯ ಜನಪದ ಹಾಡುಗಳನ್ನು ಕೂಡಿಡುವ ನನ್ನ ಹುಚ್ಚು ಅವರಿಗೆ ಗೊತ್ತಿತ್ತು. ಹಳದೀಪುರದ ಗೌರಜ್ಜಿ ಮದುವೆ, ನಾಟಿ, ಬಾಣಂತನ ಎಲ್ಲಕ್ಕೂ ಪದ ಬಲ್ಲವಳು. ಗದ್ದೆಯ ಕೆಲಸ ಬಿಟ್ಟ ಮೇಲೆ ಅವಳಿಗೆ ಬಿಡುವಿತ್ತು, ನಿವೃತ್ತಿಯ ಮೇಲೆ ನನಗೂ. ಒಂದು ಮಳೆಗಾಲವಿಡೀ ಅವಳೆದುರು ಕೂತು ಧ್ವನಿಮುದ್ರಿಸಿಕೊಂಡೆ. ಅದನ್ನು ಕೇಳುತ್ತ ಸಾಲು ಸಾಲಾಗಿ ಬರೆದುಕೊಳ್ಳುವುದಕ್ಕೆ ಒಳ್ಳೆಯ ತಂತ್ರಾಂಶವೊಂದಿದೆ, ಆದರೆ ಅದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲೇ ಸರಿಯಾಗಿ ನಡೆಯುವುದು ಎಂದರು ನಸ್ರೀನ್ ಟೀಚರು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಬೇರೆ ವ್ಯವಸ್ಥೆ. “ಅದನ್ನು ತೆಗೆಯೂದು ಬೇಡ. ಅದರೊಳಗೇ ಇನ್ನೊಂದು ಕಂಪ್ಯೂಟರ್ ಕೂರಿಸುವಾ” ಎಂದು ವರ್ಚುವಲ್ ಮಷೀನ್ ಮಾಡಿಕೊಟ್ಟರು. ಪೆಟ್ಟಿಗೆಯೊಂದು, ಅದರ ಹೊಟ್ಟೆಯೊಳಗೆ ಲಿನಕ್ಸ್ ಎಂಬ ಇನ್ನೊಂದು ಪೆಟ್ಟಿಗೆ. ಒಳಗಿನದಕ್ಕೆ ತಾನು ಒಳಗಿದ್ದೇನೆಂಬುದೇ ಗೊತ್ತಿಲ್ಲವಂತೆ. ಕೂಡುಕುಟುಂಬದ ಸೊಸೆಯಾಗಿ ಬಾಳಿದ ನನಗೆ ಇದನ್ನು ನಂಬುವುದು ಸ್ವಲ್ಪ ಕಷ್ಟವಾಯಿತು.

ಆಮೇಲಿನ ಚಳಿಗಾಲದಲ್ಲಿ ಗೌರಜ್ಜಿಗೆ ಉಬ್ಬಸ ಹೆಚ್ಚಾಯಿತು. ಮಾತಾಡಬಲ್ಲಳು, ಗುನುಗಬಲ್ಲಳು. ಆದರೆ ಮದುಮಗಳನ್ನು ಮನೆತುಂಬಿಸುವ ಉದ್ದನೆಯ ಪದಕ್ಕೆ ಬೇಕಾದ ಉಸಿರು ಹೋಯಿತು. “ಇನ್ನ್ ಅದು ನನ್ನ ಬಾಯಲ್ಲಿ ಬರೂದಿಲ್ಲ. ನಿಮ್ಮ ಪೆಟ್ಟಿಗೇಲೇ ಇರ್ಲಿ” ಎಂದಳು. ಧ್ವನಿಮುದ್ರಿಸಿದ್ದನ್ನೆಲ್ಲ ಆ ಒಳಪೆಟ್ಟಿಗೆಗೆ ಹಾಕಿ, ಸಾಲುಗಳನ್ನೂ ಅಲ್ಲೇ ಬರೆದಿಟ್ಟು, ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಂದ ಅಳಿಸಿಬಿಟ್ಟಿದ್ದೆ. ಜಾಣರ ಕೆಲಸ!

ಒಂದು ಭಾನುವಾರ ಅಜ್ಜಿ ಡಾಕ್ಟರಿಗೆ ತೋರಿಸಿಕೊಂಡು ನಮ್ಮ ಮನೆಗೆ ಬಂದಳು. ಅವಳ ಪದ ಅವಳಿಗೇ ಕೇಳಿಸೋಣವೆಂದು ಉತ್ಸಾಹದಿಂದ ಲಿನಕ್ಸ್ ತೆರೆದೆ. ಪರದೆ ಅಡ್ಡಡ್ಡ ಸೀಳಿಕೊಂಡಿತು. ಅಕ್ಷರಗಳು ಒಂದರ ಮೇಲೊಂದು ಹತ್ತಿ ನಡುಗಿದವು, ದೀರ್ಘಗಳು ಒಂದು ಕಡೆ, ಒತ್ತುಗಳು ಇನ್ನೊಂದು ಕಡೆ. ಬಾಣದ ಗುರುತು ಸರಿದ ದಾರಿಯುದ್ದಕ್ಕೂ ಅದರ ನೆರಳು ಉಳಿಯಿತು. ಮುಚ್ಚಿ ತೆರೆದೆ, ಇನ್ನೂ ಹೆಚ್ಚಾಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, “ತನ್ನ ಕೇಳದೇ ಒಳಗೆ ಹಾಕಿದ್ದಕ್ಕೆ ಪದಕ್ಕೆ ಸಿಟ್ಟ್ ಬಂತನಾ?” ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಸರಿಯಾದೀತೆಂಬ ಬುದ್ಧಿ ನನಗೆ ಆಗಲೇ ಹುಟ್ಟಿತು. ಪುಣ್ಯಕ್ಕೆ ಅದಕ್ಕೂ ಮೊದಲು ನಸ್ರೀನ್ ಟೀಚರಿಗೆ ಫೋನ್ ಮಾಡಿದೆ. “ಎಂತದೂ ಒತ್ಬೇಡಿ ಅಕ್ಕೋರೆ. ಬಂದೆ” ಎಂದರು. ರಜೆಯ ದಿನ, ಮನೆಯಲ್ಲಿ ನೆಂಟರು. ಆದರೂ ಭಟ್ಕಳದಿಂದ ಸಿಕ್ಕಿದ ಬಸ್ಸು ಹತ್ತಿ ಬಂದರು.

ಬಂದವರು ಮೊದಲು ಅಜ್ಜಿಯ ಪಕ್ಕ ಕೂತರು, ಲ್ಯಾಪ್‌ಟಾಪಿನ ಪಕ್ಕ ಅಲ್ಲ. ಅವಳ ಅನುಮಾನ ಕೇಳಿ ನಗಲಿಲ್ಲ. “ಸಿಟ್ಟು ಬಂದಿದ್ರೆ ದನಿ ಕೊಡೂದಿಲ್ಲ ಅಲ್ವಾ ಅಜ್ಜಿ? ಕೇಳಿ ನೋಡುವಾ” ಎಂದರು. ನಡುಗುತ್ತಿದ್ದ ಪರದೆಯ ಕಡೆ ನೋಡದೆಯೇ ಬರೀ ಕೀಲಿಗಳನ್ನು ಒತ್ತಿ ಪದ ಹಚ್ಚಿದರು. ಆ ಚಿಂದಿಯ ಒಳಗಿಂದ ಗೌರಜ್ಜಿಯ ಕಂಠ, ಉಬ್ಬಸವಿಲ್ಲದ ಹಳೆಯ ಕಂಠ, ಕೋಣೆ ತುಂಬ ಎದ್ದಿತು. ಹಿಂದೆ ಮಳೆಯ ಸದ್ದೂ ಇತ್ತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದು ಬಂದೆ.

ಆಮೇಲೆ ಅವರು ಒಳಗಿನ ಯಂತ್ರದಿಂದಲೇ ಅದರ ಪರದೆಯ ಚಿತ್ರ ತೆಗೆಸಿ, ಆ ಚಿತ್ರವನ್ನು ಹೊರಗೆ ತಂದು ತೆರೆದರು. ಅದರಲ್ಲಿ ಒಂದು ಅಕ್ಷರವೂ ಕದಲಿರಲಿಲ್ಲ. “ನೋಡಿ, ಒಳಗೆ ಎಲ್ಲ ಚಂದ ಬರೀತಾ ಉಂಟು. ಹೊರಗೆ ತೋರಿಸೂವಲ್ಲಿ ಎಡವಟ್ಟು. ಕಿಟಕಿ ಕೆಟ್ಟದೆ, ಮನೆ ಕೆಟ್ಟಿಲ್ಲ.” ಇಷ್ಟು ಗೊತ್ತಾದ ಮೇಲೂ ಅವರು ರಿಪೇರಿಗೆ ಕೈ ಹಾಕಲಿಲ್ಲ. ಲಿನಕ್ಸನ್ನು ಮುಚ್ಚಿ, ಆ ಇಡೀ ಯಂತ್ರವನ್ನೇ ತಮ್ಮ ಹಾರ್ಡ್‌ಡಿಸ್ಕಿಗೆ ಪ್ರತಿಮಾಡಲು ಹಚ್ಚಿ, “ಈಗ ಚಾ ಕುಡಿಯುವಾ” ಎಂದರು. ಪ್ರತಿಯಾಗುವವರೆಗೆ ಅವಲಕ್ಕಿ ತಿನ್ನುತ್ತ, ಅಜ್ಜಿಯೂ ಅವರೂ ತಮ್ಮ ತಮ್ಮ ಮನೆಯ ಮದುವೆಗಳಲ್ಲಿ ಮದುಮಗಳಿಗೆ ಹೇಗೆ ಮದರಂಗಿ ಹಚ್ಚುತ್ತಾರೆಂದು ಹೇಳಿಕೊಂಡರು.

ಅವರು ಕೆಲಸ ಮಾಡಿದ ರೀತಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಆಗಲಿಲ್ಲವೆಂದರೆ ಅದನ್ನು ಮೊದಲಿನಂತೆ ಮಾಡಿಯೇ ಮುಂದಿನದು. ಚಿತ್ರಕ್ಕೆಂದು ಮೀಸಲಿಟ್ಟ ಮೆಮೊರಿ ಹೆಚ್ಚಿಸಿದಾಗ ಪರದೆ ಪೂರಾ ಕಪ್ಪಾಯಿತು. ನಾನು “ಅಯ್ಯೋ” ಎಂದೆ. “ಒಳ್ಳೇದಾಯ್ತಲ್ಲ, ಈ ಬಾಗಿಲಲ್ಲ ಅಂತ ಗೊತ್ತಾಯ್ತು” ಎಂದು ಅದನ್ನು ಹಿಂದಕ್ಕೆ ತಂದರು. ಇತ್ತೀಚೆಗೆ ಏನಾದರೂ ಹೊಸತು ಬಂದಿತ್ತೇ ಎಂದು ಕೇಳಿದರು. ಏನೂ ಇಲ್ಲವೆಂದೆ. ಎಲ್ಲರೂ ಹೇಳುವುದು ಅದನ್ನೇ. ಹುಡುಕಿದರೆ, ಹಿಂದಿನ ದಿನ ನಾನು ಓದದೆ ‘ಸರಿ’ ಎಂದು ಒತ್ತಿದ್ದ ಅಪ್‌ಡೇಟಿನಲ್ಲಿ ಲ್ಯಾಪ್‌ಟಾಪಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಬದಲಾಗಿತ್ತು. ಹೊರಗಿನದು ಹೊಸತಾಯಿತು, ಒಳಗಿನದು ಹಳತೇ ಉಳಿಯಿತು. ಅವೆರಡರ ಮಾತುಕತೆ ಕೆಟ್ಟಿತ್ತು. ಒಳಯಂತ್ರದ ಸೆಟ್ಟಿಂಗಿನಲ್ಲಿ ಚಿತ್ರಗಳನ್ನು ಬೇಗ ಮೂಡಿಸುವ ತ್ರೀ-ಡಿ ವೇಗವರ್ಧನೆ ಎಂಬುದರ ಮುಂದಿದ್ದ ಗುರುತನ್ನು ತೆಗೆದು ಲಿನಕ್ಸ್ ತೆರೆದರು.

ಅಕ್ಷರಗಳು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು.

ನಾನಾಗಿದ್ದರೆ ಅಲ್ಲಿಗೇ ಕೈಮುಗಿದು ಎದ್ದುಬಿಡುತ್ತಿದ್ದೆ. ಅವರು ಆ ಗುರುತನ್ನು ಮತ್ತೆ ಹಾಕಿದರು, ಮತ್ತೆ ಪರದೆ ಕೆಟ್ಟಿತು. ತೆಗೆದರು, ಸರಿಯಾಯಿತು. “ಈಗ ಆತು. ಇಲ್ಲಾಂದ್ರೆ ತಾನಾಗೇ ಸರಿಯಾದ್ದೋ, ನಾವು ಸರಿ ಮಾಡಿದ್ದೋ ಗೊತ್ತಾಗೂದಿಲ್ಲ.” ತನ್ನ ಗೆಲುವನ್ನೇ ಕೆಡಿಸಿ ಪರೀಕ್ಷಿಸುವ ಆ ಧೈರ್ಯ ನಾನು ಕಂಡವರಲ್ಲಿ ಬೇರೆ ಯಾರಿಗೂ ಇಲ್ಲ. ಕೊನೆಗೆ ಒಳಯಂತ್ರದಲ್ಲಿ ಪರದೆ ತೋರಿಸುವ ಹಳೆಯ ತಂತ್ರಾಂಶವನ್ನು ತೆಗೆದು, ಹೊರಗಿನದಕ್ಕೆ ಹೊಂದುವ ಹೊಸತನ್ನು ಹಾಕಿದರು. ಅಜ್ಜಿಗೆ ಓದು ಬಾರದು. ಆದರೂ ಪದ ಸಾಗುತ್ತಿದ್ದಂತೆ ಸಾಲುಗಳು ಒಂದೊಂದಾಗಿ ಬೆಳಗುವುದನ್ನು ಕಣ್ಣು ಕೀಳದೆ ನೋಡಿದಳು. “ಇದೆಲ್ಲ ನಾ ಹೇಳಿದ್ದೇ?” ಎಂದಳು. “ಎಲ್ಲ ನಿಮ್ಮದೇ” ಎಂದರು ನಸ್ರೀನ್ ಟೀಚರು.

ಇಂದು ನಾನು ಆ ಕುಮಟೆಯ ಬಸ್ಸಿನಲ್ಲಿ ಹಳದೀಪುರಕ್ಕೆ ಬಂದದ್ದು ಅಜ್ಜಿ ಕರೆಸಿದ್ದಕ್ಕೆ. ಬಂದೊಡನೆ, “ಅಕ್ಕೋರೆ, ಹೊಸದೊಂದು ಕಟ್ಟಿದ್ದೆ. ಸಣ್ಣದು, ಉಸಿರು ಸಾಕು” ಎಂದಳು. ಜಗಲಿಯ ಕಂಬಕ್ಕೆ ಒರಗಿ, ಮದುವೆಯ ಪದದ ಹಳೆಯ ಧಾಟಿಯಲ್ಲೇ ಮೆಲ್ಲಗೆ ಎತ್ತಿದಳು:

ಕುಣಿವ ಅಕ್ಷರವ ಹಿಡಿದು ನಿಲಿಸಿದಳು ಕಾಣೆ,
ಭಟ್ಕಳದ ಜಾಣೆ ನಸರೀನಾ...

ಹಾಗೆಯೇ ಫೋನ್ ಹಚ್ಚಿ ನಸ್ರೀನ್ ಟೀಚರಿಗೆ ಕೇಳಿಸಿದೆ. ಅವರು ಸಣ್ಣ ದನಿಯಲ್ಲಿ ಕೇಳಿದರು: “ಅಜ್ಜಿ, ನನ್ನ ಹೆಸರು ನಿಮ್ಮ ಪದದಲ್ಲಿ ಕೂರ್ತದಾ?”

“ಸೀದಾ ಕೂರೂದಿಲ್ಲ ಮಗಾ” ಎಂದಳು ಗೌರಜ್ಜಿ. “ಎಳೀಬೇಕು. ಎಳೆದ್ರೆ ಎಂತ ಹೆಸರೂ ಕೂರ್ತದೆ.”