ಬಸ್ಸು ಹೋಗದ ರಸ್ತೆ

ರಿಟೈರ್ ಆದ ಮೇಲೆ ಎಲ್ಲಿರ್ತೀರಿ ಮೇಡಂ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, ರಸ್ತೆ ನೋಡಿ ಹೇಳ್ತೀನಿ ಅನ್ನುತ್ತಿದ್ದೆ. ತಮಾಷೆ ಅಂದುಕೊಂಡು ನಗುತ್ತಿದ್ದರು. ಮನೆ ತೋರಿಸಲು ಬಂದ ಬ್ರೋಕರ್ ಮಾತ್ರ ನಗಲಿಲ್ಲ. "ಮೂವತ್ತಡಿ ರಸ್ತೆ ಐತೆ ಮೇಡಂ, ಪೂರ್ವದ ಬಾಗ್ಲು, ಕಾರು ಸಲೀಸಾಗಿ ತಿರುಗ್ತದೆ" ಅಂದ. ನಮ್ಮ ಹತ್ತಿರ ಕಾರೇ ಇಲ್ಲ. ಬೆಳಿಗ್ಗೆ ಸೈಕಲ್ ತುಳಿಯಲು ಎಂಥ ರಸ್ತೆ ಇದೆಯಪ್ಪ ಎಂದು ಕೇಳಿದೆ. ಅವನು ನನ್ನನ್ನು ಬಿಟ್ಟು ನಮ್ಮ ಯಜಮಾನರ ಮುಖ ನೋಡಿದ. ಅವರು ಎದುರಿನ ತೆಂಗಿನ ಮರದಲ್ಲಿ ಎಷ್ಟು ಗೊನೆ ಇದೆ ಎಂದು ನೋಡುತ್ತಾ ನಿಂತರು.

ನಾನು ಮಂಡ್ಯದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರರ ನಡುವೆಯೇ ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿ ನನಗಿಂತ ಮೊದಲು ಮನೆ ಸೇರಿದ್ದರು. ನಾನು ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದೆ. ದೊಡ್ಡವಳಾದೆ ಎಂದು ಬಿಡಿಸಿದರು. ಐವತ್ತು ದಾಟಿದ ಮೇಲೆ ಶುಗರ್ ಬಂತು, ಡಾಕ್ಟರು ದಿನಾ ನಡೆಯಿರಿ ಅಂದರು. ನಡೆಯುವುದೆಂದರೆ ನನಗೆ ಬೇಜಾರು. ಗೇರ್ ಇರುವ ಸೈಕಲ್ಲೊಂದನ್ನು ಕೊಂಡು ತಂದೆ. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ ವಿ.ಸಿ. ಫಾರಂ ಕಡೆಗೋ ಹೊಳಲಿನ ಕಡೆಗೋ ಹೋಗಿ ಬರುತ್ತಿದ್ದೆ. ಆ ಒಂದು ಗಂಟೆ ನಾನು ಯಾರ ಮೇಡಮ್ಮೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಿವೃತ್ತಿಯಾದ ಮೇಲೆ ಆ ಒಂದು ಗಂಟೆ ಇಡೀ ಬೆಳಗಾಗಬೇಕು, ಇಷ್ಟೇ ನಾನು ಕೇಳಿದ್ದು.

ನಮ್ಮ ಬಾಡಿಗೆ ಮನೆಯ ಒಡೆಯರ ಮಗನಿಗೆ ಮದುವೆ ಗೊತ್ತಾಗಿತ್ತು, ಮನೆ ಬಿಡಬೇಕಾಗಿತ್ತು. ಮಂಡ್ಯದಲ್ಲೇ ಇನ್ನೊಂದು ಮನೆ ನೋಡೋಣ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಕಬ್ಬು ಅರೆಯುವ ಕಾಲದಲ್ಲಿ ಈ ಊರಿನಿಂದ ಸೈಕಲ್ಲಿನಲ್ಲಿ ಹೊರಗೆ ಹೋಗುವವರಿಗೇ ಗೊತ್ತು ಅದರ ಪಾಡು. ಒಂದು ಟ್ರಾಕ್ಟರಿಗೆ ಎರಡೆರಡು ಟ್ರೈಲರ್ ಕಟ್ಟಿ, ಮೇಲೆ ಮನೆ ಎತ್ತರಕ್ಕೆ ಕಬ್ಬು ಹೇರಿ, ಹಾಡು ಜೋರಾಗಿ ಹಾಕಿಕೊಂಡು ಬರುತ್ತಾರೆ. ಹಿಂದಿನವರು ಹಾರ್ನ್ ಮಾಡಿದರೂ ಕೇಳಿಸದು, ಸೈಕಲ್ ಬೆಲ್ಲಂತೂ ದೇವರಿಗೇ ಪ್ರೀತಿ. ರಸ್ತೆಯ ತುಂಬ ಬಿದ್ದ ಜಲ್ಲೆ ಚಕ್ರಕ್ಕೆ ಸಿಕ್ಕಿದರೆ ಮುಗಿಯಿತು. ಅದರ ಜೊತೆಗೆ ಪ್ರತಿ ಮನೆಯವರೂ ತಮ್ಮ ಬಾಗಿಲ ಮುಂದೆ ತಮಗೆ ತೋಚಿದ ಎತ್ತರಕ್ಕೆ ಹಂಪು ಹಾಕಿಸಿಕೊಂಡಿದ್ದಾರೆ. ಸೊಂಟ ಹಿಡಿದುಕೊಂಡು ಮನೆಗೆ ಬಂದ ದಿನ ಮಂಡ್ಯ ಬೇಡವೆಂದೆ.

ಯಜಮಾನರು ಮದ್ದೂರು ಅಂದರು. ರೈಲಿದೆ, ಬಸ್ಸಿದೆ, ಗೊತ್ತಿರುವ ಜನ ಇದ್ದಾರೆ. ನಾನು ಒಂದು ಭಾನುವಾರ ಬಸ್ಸಿನ ಟಾಪಿಗೆ ಸೈಕಲ್ ಹಾಕಿಸಿಕೊಂಡು ಹೋಗಿ ಮದ್ದೂರಿನಲ್ಲಿ ಇಳಿದು, ಮಳವಳ್ಳಿ ರಸ್ತೆ ಹಿಡಿದೆ. ಹೊಸ ಹೆದ್ದಾರಿಗೆ ಸೈಕಲ್ಲಿನವರನ್ನು ಬಿಡುವುದಿಲ್ಲ, ಹಾಗಾಗಿ ಒಳರಸ್ತೆಗಳೇ ಗತಿ. ಊರು ದಾಟಿದ್ದೇ ತಡ, ಹಿಂದಿನಿಂದ ಬಂದ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಯಾಕತ್ಗೆ, ಸೈಕಲ್ ತುಳ್ಕಂಡು ಓಯ್ತಾ ಇದ್ದೀರಿ? ಅತ್ಕಳಿ, ಅತ್ಕಳಿ."

ಯಜಮಾನರನ್ನು ಅಣ್ಣ ಎಂದು ಕರೆಯುವ ಕಿರಿಯ ಡ್ರೈವರುಗಳಿಗೆಲ್ಲ ನಾನು ಅತ್ತಿಗೆ. ಬೇಡಪ್ಪ, ನಾನು ಬೇಕೆಂದೇ ತುಳಿಯುತ್ತಿದ್ದೇನೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬಸ್ಸಿನೊಳಗಿದ್ದ ಹೆಂಗಸೊಬ್ಬಳು, "ನಮ್ಗೆಲ್ಲ ಫ್ರೀ ಮಾಡವ್ರೆ ಕಣಮ್ಮ, ಆಧಾರ್ ಕಾರ್ಡ್ ತಂದಿಲ್ವಾ?" ಎಂದು ಮರುಗಿದಳು. ಅಷ್ಟರಲ್ಲಿ ಕಂಡಕ್ಟರು ಇಳಿದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದಾಗಿತ್ತು. ಐವತ್ತು ಜನ ಕಾಯುತ್ತಿರುವಾಗ ರಸ್ತೆಯಲ್ಲಿ ನಿಂತು ವಾದ ಮಾಡುವುದು ಹೇಗೆ? ಹತ್ತಿದೆ. ನೋಡಬೇಕೆಂದಿದ್ದ ರಸ್ತೆಯನ್ನು ಕಿಟಕಿಯಿಂದ ನೋಡಿದೆ.

ಒಂದು ಸಲ ಆದರೆ ನಕ್ಕು ಸುಮ್ಮನಾಗಬಹುದು. ಮುಂದಿನ ಭಾನುವಾರವೂ ಹೀಗೇ ಆಯಿತು, ಅದರ ಮುಂದಿನದೂ. ಬಸ್ಸು ತಪ್ಪಿಸಿಕೊಂಡರೆ ಹಾಲಿನ ಟೆಂಪೊ ನಿಲ್ಲುತ್ತಿತ್ತು. ಟೆಂಪೊ ತಪ್ಪಿಸಿಕೊಂಡರೆ ಟೀ ಅಂಗಡಿಯವನು ರಸ್ತೆಗೇ ಬಂದು ಅಡ್ಡ ನಿಂತು, "ಡ್ರೈವರಣ್ಣನ ಮನೆಯೋರಲ್ವಾ? ಕಾಪಿ ಕುಡೀದೆ ಓದ್ರೆ ಅಣ್ಣ ನನ್ನ ಬೈತಾರೆ" ಅನ್ನುತ್ತಿದ್ದ. ಸಕ್ಕರೆ ಹಾಕಬೇಡ ಎಂದರೂ ಹಾಕುತ್ತಿದ್ದ. ಶುಗರ್ ಇಳಿಸಲು ಹೊರಟವಳು ಶುಗರ್ ಏರಿಸಿಕೊಂಡು ಬರುತ್ತಿದ್ದೆ. ಮನೆಯಲ್ಲಿ ಹೇಳಿಕೊಂಡರೆ ಯಜಮಾನರು, "ನಮ್ ಜನ ಒಳ್ಳೇವ್ರು ಕಣಮ್ಮಿ, ಇಸ್ವಾಸ ಅವರ್ದು" ಎಂದು ಬೀಗುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕೊನೆಗೆ ಮದ್ದೂರಿನ ಆಸೆ ಬಿಟ್ಟು ಮಳವಳ್ಳಿ ಊರಿನ ಸುತ್ತಮುತ್ತ ನೋಡೋಣ ಎಂದು ಹೊರಟೆ. ಅಲ್ಲಿ ಏರು ಇಳಿಜಾರು ಇದೆ. ಏರಿನಲ್ಲಿ ಉಸಿರು ಸಿಕ್ಕಿಕೊಂಡರೂ ಇಳಿಜಾರಿನಲ್ಲಿ ಕಾಲು ಬಿಟ್ಟು ಹೋಗುವಾಗ ನನಗೆ ವಯಸ್ಸೇ ಇರುವುದಿಲ್ಲ. ಆವತ್ತು ಇಳಿಜಾರಿನ ತಿರುವು ದಾಟುತ್ತಲೇ ಬ್ರೇಕ್ ಒತ್ತಬೇಕಾಯಿತು. ರಸ್ತೆಯ ಈ ತುದಿಯಿಂದ ಆ ತುದಿಗೆ ಹುರುಳಿ ಗಿಡ ಹಾಸಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಕಣ ಮಾಡುವ ಕಷ್ಟ ಯಾರಿಗೂ ಬೇಡ. ಟಾರ್ ರಸ್ತೆಗೆ ಹರಡಿದರೆ ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಎರಡು ಸುತ್ತು ತುಳಿಯುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡಿತು. ಇಳಿದು ಕೂತು ಕಿತ್ತೆ, ಕೈಯೆಲ್ಲ ಗ್ರೀಸಾಯಿತು. ಅಂಚಿನಲ್ಲಿ ಕೂತಿದ್ದ ಮುದುಕಿಯ ಮೇಲೆ ಹರಿಹಾಯ್ದೆ. ರಸ್ತೆ ಏನು ನಿಮ್ಮಪ್ಪನ ಮನೆಯದಾ ಎಂದು ಕೂಡ ಕೇಳಿದೆ.

"ಗಾಡಿ ಬರ್ಲಿ ಅಂತ ಆಕಿವ್ನಿ, ನಿನ್ನ ಯಾರವ್ವ ಬಾ ಅಂದೋರು? ನಿನ್ ಸೈಕಲ್ ತುಳುದ್ರೆ ಒಂದು ಕಾಳೂ ಉದುರಾಕಿಲ್ಲ. ಪಕ್ಕಕ್ ಓಗು" ಅಂದಳು.

ಹುರುಳಿ ಬಡಿಯಲಿಕ್ಕೂ ಪ್ರಯೋಜನಕ್ಕೆ ಬಾರದ ಗಾಡಿ ನನ್ನದು. ಬೈಸಿಕೊಂಡು ನಿಂತಿರುವಾಗಲೇ ಮಳವಳ್ಳಿ ಕಡೆಯಿಂದ ಬಸ್ಸು ಬಂತು. ಸರಿಯಾಗಿ ಹುರುಳಿಯ ಮೇಲೆ ನಿಂತಿತು. ಮುದುಕಿ ಹಿಗ್ಗಿ ಎದ್ದು, "ಡ್ರೈವರಪ್ಪ, ಇಂದ್ಕೊಂದು ಕಿತ ತಕ್ಕಂಡು ಓಗಪ್ಪ" ಎಂದು, ಹಿಂದಕ್ಕೂ ಒಂದು ಸಲ ತುಳಿಸಿಕೊಳ್ಳುವ ಆಸೆಯಿಂದ ಕೂಗಿದಳು. ಅದೇ ಹೊತ್ತಿಗೆ ಎದುರಿನಿಂದ ಇನ್ನೊಂದು ಬಸ್ಸು ಬಂದು ಪಕ್ಕದಲ್ಲಿ ನಿಧಾನವಾಯಿತು. ಡ್ರೈವರುಗಳು ಹೀಗೆ ಎದುರಾದಾಗ ಕಿಟಕಿಯಿಂದ ಕಿಟಕಿಗೆ ಸುದ್ದಿ ದಾಟಿಸುವುದು ನನಗೆ ಗೊತ್ತು. ಮುಂದೆ ಚೆಕಿಂಗ್ ಇದೆಯಾ, ಯಾವ ಊರಲ್ಲಿ ಜನ ಜಾಸ್ತಿ, ಇಂಥವು. ಈ ಸಲ ದಾಟಿದ್ದು ನನ್ನ ಸುದ್ದಿ.

"ಸಿಕ್ಕುದ್ರು ಕಣ್ಲಾ ಅತ್ಗೆ. ಇಲ್ಲೇ ಅವ್ರೆ. ಅಣ್ಣಂಗೆ ಫೋನ್ ಮಾಡಿ ಏಳ್ಬುಡು, ಗಾಬ್ರಿ ಆಗ್ಬ್ಯಾಡಿ ಅಂತ."

ನಾನು ಅಲ್ಲೇ ಕಂಡಕ್ಟರನ್ನು ಹಿಡಿದು ಕೇಳಿದೆ. ಪಾಪ, ಅವನು ಮುಚ್ಚಿಡಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಬಾಗಿಲು ದಾಟುತ್ತಲೇ ಯಜಮಾನರು ಆ ದಾರಿಯ ಬಸ್ಸಿನವರಿಗೆಲ್ಲ ಫೋನ್ ಮಾಡುತ್ತಿದ್ದರಂತೆ. ಕಂಡಲ್ಲಿ ನಿಲ್ಲಿಸಿ, ಹತ್ತಿಸಿಕೊಳ್ಳಿ. ಟೀ ಅಂಗಡಿಯವನಿಗೂ, ಹಾಲಿನ ಟೆಂಪೊದವನಿಗೂ ಅದೇ ಮಾತು. ವಿಶ್ವಾಸವಂತೆ, ವಿಶ್ವಾಸ! ನನ್ನ ಭಾನುವಾರಗಳನ್ನೆಲ್ಲ ಮನೆಯಲ್ಲಿ ಕಾಲು ಚಾಚಿ ಕೂತೇ ಹಾಳು ಮಾಡಿದ್ದರು. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಗ್ರೀಸ್ ಕೈಯಲ್ಲೇ ಜಗಳ ತೆಗೆದೆ. ನಾನೇನು ಕಳೆದುಹೋದ ಕರುವೇ, ಸಿಕ್ಕಿದರು ಸಿಕ್ಕಿದರು ಎಂದು ಊರೆಲ್ಲ ಸಾರಲು? ಅವರು ಬೈಸಿಕೊಳ್ಳುವಷ್ಟೂ ಬೈಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಅಂದರು:

"ಮೂವತ್ ವರ್ಸ ಬಸ್ ಓಡ್ಸಿವ್ನಿ ಕಣಮ್ಮಿ. ಮುಂದೆ ಲಾರಿ ಬಂದ್ರೆ ನೋಡ್ತಿದ್ದೆ, ಕಾರು ಬಂದ್ರೆ ನೋಡ್ತಿದ್ದೆ. ಸೈಕಲ್ ನನ್ ಲೆಕ್ಕುಕ್ಕೇ ಇರ್ಲಿಲ್ಲ. ಆರ್ನ್ ಒಡುದ್ರೆ ಅವ್ನೇ ಇಳೀತಾನೆ ಅಂತ ನುಗ್ಗುಸ್ತಿದ್ದೆ. ಎಲ್ರೂ ಅಂಗೇಯ. ನೀನು ಆಚ್ಗೆ ಓದ್ರೆ ನಂಗೆ ಸ್ಟೇರಿಂಗ್ ಮುಂದ್ಗಡೆ ನಿನ್ ಬೆನ್ನೇ ಕಾಣುಸ್ತದೆ."

ಅದನ್ನು ಕೇಳಿಯೂ ನನ್ನ ಸಿಟ್ಟೇನೂ ಇಳಿಯಲಿಲ್ಲ. ಅವರ ಭಯಕ್ಕೆ ನನ್ನ ಬೆಳಗನ್ನು ಯಾಕೆ ಬಿಡಬೇಕು? ಸರಿ ಹಾಗಾದರೆ, ಈ ಮೂರು ತಾಲ್ಲೂಕಿನಲ್ಲಿ ಬಸ್ಸು ಹೋಗದ ರಸ್ತೆ ಯಾವುದಿದೆ ಹೇಳಿ, ನಿಮಗೆ ಗೊತ್ತಿಲ್ಲದ್ದೇನು, ಅಲ್ಲೇ ಮನೆ ಮಾಡೋಣ ಎಂದೆ. ಅವರು ಒಂದೊಂದೇ ರಸ್ತೆಯನ್ನು ಮನಸ್ಸಿನಲ್ಲಿ ಓಡಿಸಿ ನೋಡುತ್ತಿದ್ದಾರೆಂದು ಬಲಗೈ ಬೆರಳು ಅಲುಗುತ್ತಿದ್ದುದರಿಂದಲೇ ತಿಳಿಯುತ್ತಿತ್ತು. ಆಮೇಲೆ ಹೊಳಲಿನಿಂದ ಒಳಗೆ, ನಾಲೆ ಏರಿಯ ಮೇಲಿರುವ ಒಂದು ಸಣ್ಣ ಊರಿನ ಹೆಸರು ಹೇಳಿದರು. ಅಲ್ಲಿಗೆ ಬಸ್ಸು ಯಾವತ್ತೂ ಹೋಗಿಲ್ಲ, ಅವರೂ ಹೋಗಿರಲಿಲ್ಲ.

ಮರುವಾರ ಅವರು ಸ್ಕೂಟರಿನಲ್ಲಿ, ನಾನು ಸೈಕಲ್ಲಿನಲ್ಲಿ ಹೋದೆವು. ಊರ ತುದಿಯಲ್ಲಿ ಎರಡು ಕೋಣೆಯ ಮನೆ ಬಾಡಿಗೆಗಿತ್ತು. ಎದುರಿಗೆ ನಾಲೆ, ನಾಲೆಯ ಪಕ್ಕದಲ್ಲಿ ಸಣ್ಣ ಟಾರ್ ರಸ್ತೆ, ಎರಡೂ ಕಡೆ ಗದ್ದೆ. ಹಂಪಿಲ್ಲ, ಹುರುಳಿಯಿಲ್ಲ, ಕಬ್ಬಿನ ಟ್ರಾಕ್ಟರಿಗೆ ಅಲ್ಲಿ ತಿರುಗಲು ಜಾಗವಿಲ್ಲ. ಮನೆಯ ಒಳಗೂ ನೋಡದೆ ಸೈಕಲ್ ಹತ್ತಿದೆ. ನೀರಿನ ಜೊತೆಜೊತೆಗೆ ಎಷ್ಟು ದೂರ ಹೋದೆನೋ. ಯಾರೂ ನಿಲ್ಲಿಸಲಿಲ್ಲ, ಯಾರೂ ಅತ್ತಿಗೆ ಅನ್ನಲಿಲ್ಲ. ಗಟ್ಟಿಯಾಗಿ ಹಾಡಿಕೊಂಡೆ ಕೂಡ. ಇದೇ, ಇದೇ ನಾನು ಕೇಳಿದ್ದು ಎಂದು ತಿರುಗಿ ಬಂದೆ.

ಯಜಮಾನರು ಮೋರಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೋದ ದಿಕ್ಕಿಗಲ್ಲ, ಊರಿನ ಕಡೆ ಮುಖ ಮಾಡಿ ಕೂತಿದ್ದರು.

"ಎಂಗೈತೆ?" ಅಂದರು.

"ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ."

"ಊಂ. ನೀನು ಓದ್ಮೇಕೆ ಒಂದು ಗಾಡೀನೂ ಬರ್ಲಿಲ್ಲ. ಇಬ್ರು ನಡ್ಕಂಡು ಓದ್ರು. ಯಾರ್ನ ನೋಡ್ಬೇಕಿತ್ತು ಅಂದ್ರು. ಯಾರ್ನೂ ಇಲ್ಲ ಅಂದೆ, ಓಯ್ತಾ ಇದ್ರು."

ದೂರಿನ ದನಿಯಲ್ಲಿ ಹೇಳಲಿಲ್ಲ. ಡ್ಯೂಟಿ ಮುಗಿಸಿ ಬಂದು ದಾರಿಯ ವರದಿ ಒಪ್ಪಿಸುವ ಹಾಗೆ ಹೇಳಿದರು. ಮೂರು ಊರಿನ ನಡುವೆ ಅವರು ಎಲ್ಲಿ ನಿಂತರೂ ಯಾರಾದರೂ ಅಣ್ಣಾ ಎಂದು ಕೂಗಿಯೇ ಕೂಗುತ್ತಾರೆ. ಯಾರನ್ನು ನೋಡಬೇಕಿತ್ತು ಎಂಬ ಪ್ರಶ್ನೆಯನ್ನು ಅವರು ಈ ಸೀಮೆಯಲ್ಲಿ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಬೀಗದ ಕೈ ಹಿಡಿದು ಮನೆಯೊಡೆಯ ಬಂದು, ಏನು ತೀರ್ಮಾನ ಮಾಡುದ್ರಿ ಅಂದ. ಯಜಮಾನರು ಪಂಚೆಯ ಧೂಳು ಕೊಡವಿಕೊಂಡು ಎದ್ದರು.

"ತಕ್ಕಳನ ಬುಡಿ. ಅವ್ಳಿಗೆ ಇಡುಸ್ತು" ಅಂದರು.

ನಾನು ಜಗಳಕ್ಕೆ ಸಿದ್ಧವಾಗಿ ಬಂದಿದ್ದೆ. ಆಸ್ಪತ್ರೆ ದೂರ ಅನ್ನುತ್ತಾರೆ, ಹಾವು ಚೇಳು ಅನ್ನುತ್ತಾರೆ, ಅದಕ್ಕೆಲ್ಲ ಉತ್ತರ ಇಟ್ಟುಕೊಂಡಿದ್ದೆ. ಒಪ್ಪಿಬಿಡುತ್ತಾರೆಂದು ಎಣಿಸಿರಲಿಲ್ಲ. ನನ್ನ ಬಾಯಿಂದಲೇ, "ಬೇಡ, ಮನೆಯಲ್ಲಿ ಬೆಳಕು ಕಮ್ಮಿ" ಎಂಬ ಮಾತು ಬಂತು. ಒಳಗೆ ನಾನು ಕಾಲೇ ಇಟ್ಟಿರಲಿಲ್ಲ.

ಈಗ ಮದ್ದೂರಿನಲ್ಲಿದ್ದೇವೆ, ಬಸ್ಸುಗಳು ತಿರುಗುವ ರಸ್ತೆಯಲ್ಲಿ. ಹೋಗುವ ಬಸ್ಸೆಲ್ಲ ನಮ್ಮ ಮನೆ ಮುಂದೆ ಒಂದು ಹಾರ್ನ್ ಹೊಡೆದೇ ಹೋಗುತ್ತದೆ, ಯಜಮಾನರು ಜಗಲಿಯಿಂದ ಕೈ ಎತ್ತುತ್ತಾರೆ. ಫೋನ್ ಮಾಡುವುದನ್ನು ಬಿಟ್ಟಿದ್ದಾರೆ ಎಂದು ಆಣೆ ಇಡುತ್ತಾರೆ. ಬಸ್ಸುಗಳು ಮಾತ್ರ ನಿಲ್ಲುವುದನ್ನು ಬಿಟ್ಟಿಲ್ಲ. ನನಗೆ ಸಿಟ್ಟು ಹೋಗಿಲ್ಲ. ಅಷ್ಟು ಒಳ್ಳೆಯ ರಸ್ತೆಯನ್ನು ಕೈಯಾರೆ ಬಿಟ್ಟು ಬಂದವಳು ನಾನೇ. ಅವತ್ತು ಅವರು ಬೇಡ ಅಂದುಬಿಟ್ಟಿದ್ದರೆ ಆ ಮನೆಯನ್ನು ನಿಂತ ನಿಲುವಿನಲ್ಲೇ ಹಿಡಿಯುತ್ತಿದ್ದೆ.