ನಾರಾಯಣಸ್ವಾಮಿ ಮೇಷ್ಟ್ರ ಫೋನು ಮಹಡಿ ಹತ್ತಿದ್ದು

ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮಾರನೆಯ ವರ್ಷ ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನನ್ನ ಬಾಯಿ ಸ್ವಲ್ಪ ಜೋರು. ಬೆನ್ನ ಹಿಂದೆ ಮಕ್ಕಳು ನನಗೆ ಏನು ಹೆಸರಿಟ್ಟಿದ್ದರೆಂದು ಗೊತ್ತು, ಇಲ್ಲಿ ಬರೆಯುವುದಿಲ್ಲ.

ಶಾಲೆಯಲ್ಲಿ ಬಾವಿಯಿತ್ತು, ಆಟದ ಮೈದಾನವಿತ್ತು, ಫೋನಿನ ಸಿಗ್ನಲ್ ಮಾತ್ರ ಇರಲಿಲ್ಲ. ಬಿಸಿಯೂಟ ಉಂಡವರ ಸಂಖ್ಯೆ, ಮೊಟ್ಟೆ ಹಂಚಿದ ಫೋಟೊ, ಹಾಜರಾತಿ, ಇವೆಲ್ಲ ಪ್ರತಿದಿನ ಆ್ಯಪ್‌ಗೆ ಅಪ್‌ಲೋಡ್ ಆಗಬೇಕು. ಶಾಲೆಗೆಂದು ಬೇರೆ ಫೋನು ಇರಲಿಲ್ಲ, ಮೇಷ್ಟ್ರುಗಳ ಸ್ವಂತ ಫೋನೇ ಗತಿ. ಸಿಗ್ನಲ್ ಸಿಗುತ್ತಿದ್ದದ್ದು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮೂರಡಿ ಜಾಗದಲ್ಲಿ.

ಬಿಸಿಯೂಟದ ಹೊಣೆ ಗಣಿತದ ನಾರಾಯಣಸ್ವಾಮಿ ಮೇಷ್ಟ್ರದು. ಅವರಿಗೆ ಮಂಡಿ ನೋವು. ಒಂದು ದಿನ ಮೆಟ್ಟಿಲ ಮೇಲೆ ಅವರು ಏದುಸಿರು ಬಿಡುವುದನ್ನು ಕಂಡು ನಾನೇ ಹೇಳಿದೆ: "ನೀವ್ಯಾಕೆ ಹತ್ತುತ್ತೀರ? ಕ್ಲಾಸ್ ಲೀಡರ್ ಕೈಗೆ ಕೊಡಿ, ಹೋಗಿ ಒತ್ತಿ ಬರ್ತಾಳೆ." ಅವರು ಒಂದು ಗಳಿಗೆ ಫೋನನ್ನು ನೋಡಿದರು. ಆಮೇಲೆ ಕೊಟ್ಟರು. ಅಂದಿನಿಂದ ಆ ಫೋನು ದಿನವೂ ಹತ್ತನೇ ತರಗತಿಯ ಪವಿತ್ರಳ ಕೈಯಲ್ಲಿ ಮಹಡಿ ಹತ್ತಿತು. ಅದರ ಲಾಕ್ ತೆಗೆಯುವುದು ಹೇಗೆಂದು ಒಂದೇ ತಿಂಗಳಲ್ಲಿ ಇಡೀ ತರಗತಿಗೆ ಬಾಯಿಪಾಠವಾಯಿತು. ಮಗ್ಗಿಯಾದರೂ ಅಷ್ಟು ಬೇಗ ಬಂದಿದ್ದರೆ ನಮ್ಮ ರಿಸಲ್ಟ್ ಬೇರೆಯೇ ಇರುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಮೇಷ್ಟ್ರು ಬೋರ್ಡಿನ ಮೇಲೆ ತ್ರಿಭುಜ ಬರೆಯುತ್ತಿದ್ದರು. ಹಿಂದಿನ ಬೆಂಚಿನಿಂದ ಒಂದು ದನಿ ಮುದುಕಿಯಂತೆ ಎಳೆದು ಹೇಳಿತು: "ಇಂಕಾ ಗಟ್ಟಿಗಾ..." ತೆಲುಗಿನಲ್ಲಿ 'ಇನ್ನೂ ಬಿಗಿಯಾಗಿ' ಎಂದರ್ಥ. ತರಗತಿ ನಕ್ಕಿತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ನೇರ ನನ್ನ ಕೋಣೆಗೆ ಬಂದರು. ಅವರ ಮುಖ ನೋಡಿ ನಾನು ಎದ್ದು ನಿಂತೆ.

ಆ ಮಾತು ಅವರ ತಾಯಿಯದು. ಆಕೆಗೆ ಮರೆವಿನ ಕಾಯಿಲೆ. ತಾನಿನ್ನೂ ಹತ್ತು ವರ್ಷದ ಹುಡುಗಿಯೆಂದುಕೊಂಡು ದಿನವೂ ಮಗನ ಕೈಲೇ ಎರಡು ಜಡೆ, ಕೆಂಪು ಟೇಪು ಹಾಕಿಸಿಕೊಳ್ಳುತ್ತಿದ್ದರು. ಮದನಪಲ್ಲಿಯಲ್ಲಿರುವ ಅಕ್ಕ ನೋಡಲೆಂದು ಮೇಷ್ಟ್ರು ವಾರಕ್ಕೊಮ್ಮೆ ಅದನ್ನು ವಿಡಿಯೊ ಮಾಡಿ ಕಳಿಸುತ್ತಿದ್ದರು. ಲುಂಗಿ ಬನಿಯನ್ನಿನಲ್ಲಿ ಕೂತು, ತಾಯಿಯ ತಲೆ ಬಾಚುತ್ತಾ, ನಗುತ್ತಾ. ಆ ವಿಡಿಯೊ ಈಗ ಮಕ್ಕಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿತ್ತು. ಮೇಷ್ಟ್ರಿಗೆ 'ಜಡೆ ಸಾರ್' ಎಂಬ ಹೆಸರೂ ಬಿದ್ದಾಗಿತ್ತು.

"ನನ್ನ ನೋಡಿ ನಕ್ಕರೆ ನಗ್ಲಿ ಮೇಡಮ್," ಎಂದರು. "ನಮ್ಮಮ್ಮ ತಲೆ ಮೇಲೆ ಸೆರಗಿಲ್ದೆ ಬೀದಿಗೆ ಬಂದೋರಲ್ಲ. ಈಗ ಊರೆಲ್ಲ ನೋಡಿದೆ."

ಅವರು ರಜೆಯ ಅರ್ಜಿ ಕೊಟ್ಟರು. ಜೊತೆಗೆ ಬೇರೆ ಶಾಲೆಗೆ ನಿಯೋಜನೆ ಕೇಳಿ ಇನ್ನೊಂದು. ಪರೀಕ್ಷೆಗೆ ಉಳಿದದ್ದು ಮೂರೇ ತಿಂಗಳು, ಇದ್ದದ್ದು ಒಬ್ಬರೇ ಗಣಿತದ ಮೇಷ್ಟ್ರು. ಆದರೆ ನನ್ನನ್ನು ಕೊರೆದದ್ದು ಅದಲ್ಲ. ಫೋನು ಕೊಡಿ ಎಂದವಳು ನಾನು. ಆ ಮಾತನ್ನು ಅವರು ಆಡಲಿಲ್ಲ, ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಯಾರು ಮಾಡಿದ್ದೆಂದು ನಾನು ಹುಡುಕಬೇಕಾಗಲಿಲ್ಲ. ಮಧ್ಯಾಹ್ನ ಪವಿತ್ರ ತಾನೇ ಬಂದು ಬಾಗಿಲಲ್ಲಿ ನಿಂತಳು. ಅಪ್‌ಲೋಡ್ ಆಗಲು ಕಾಯುತ್ತಾ ಗ್ಯಾಲರಿ ತೆರೆದಿದ್ದಳು. ವಿಡಿಯೊವನ್ನು ತನ್ನ ಅಮ್ಮನ ನಂಬರಿಗೆ ಕಳಿಸಿ, ಕಳಿಸಿದ ಗುರುತನ್ನು ಅಳಿಸಿ, ಸಂಜೆ ಗ್ರೂಪಿಗೆ ಹಾಕಿದ್ದಳು.

"ಯಾಕೆ ಹಾಕಿದೆ?"

"ಸಾರ್ ಕ್ಲಾಸಲ್ಲಿ ನಗೋದೇ ಇಲ್ಲ ಮಿಸ್. ಅದರಲ್ಲಿ ನಗ್ತಾ ಇದ್ರು. ಎಲ್ಲಾರೂ ನೋಡ್ಲಿ ಅಂತ..." ಎಂದವಳು ಅಳತೊಡಗಿದಳು. ಬೈಯಲೆಂದು ಸಿದ್ಧಳಾಗಿದ್ದ ನಾನು ಅವಳಿಗೆ ಕುರ್ಚಿ ಎಳೆದುಕೊಟ್ಟೆ.

ಶಾಲಾ ಸಮಿತಿಯ ಅಧ್ಯಕ್ಷರು ಟೊಮೇಟೊ ಬೆಳೆಗಾರರು, ಮಾತು ಖಡಕ್ಕು. "ಟಿ.ಸಿ. ಕೊಟ್ಟು ಕಳಿಸ್ಬಿಡಿ ಮೇಡಮ್. ಒಬ್ಬರಿಗೆ ಬಿಸಿ ಮುಟ್ಟಿದ್ರೆ ಮಿಕ್ಕೋರು ಸುಮ್ಮನಾಗ್ತಾರೆ," ಎಂದರು. ಪೊಲೀಸ್ ದೂರಿನ ಮಾತೂ ಬಂತು. ಹತ್ತನೇ ತರಗತಿಯ ನಡುವಲ್ಲಿ ಟಿ.ಸಿ. ಕೊಟ್ಟರೆ ಆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. "ಹಾಗಾದ್ರೆ ಮೊದಲ ಟಿ.ಸಿ. ನನಗೇ ಬರೀಬೇಕು," ಎಂದು ನಡೆದದ್ದನ್ನು ವಿವರಿಸಿದೆ. ಅಧ್ಯಕ್ಷರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮೇಷ್ಟ್ರನ್ನೇ ಕೇಳಿ. ನೋವು ಅವರದು," ಎಂದರು. ಆ ಸಭೆಯಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ.

ಸಂಜೆ ಮನೆಯಿಂದ ಫೋನಿನಲ್ಲಿ ಕೇಳಿದೆ. ಮೇಷ್ಟ್ರು ಹೇಳಿದರು: "ಶಿಕ್ಷೆ ಕಟ್ಟಿಕೊಂಡು ನಾನೇನು ಮಾಡ್ಲಿ? ಅಮ್ಮನ್ನ ಆ ಫೋನುಗಳಿಂದ ತೆಗೆಸಿ. ಸಾಕು."

ಗ್ರೂಪಿನಲ್ಲಿದ್ದದ್ದು ಇಪ್ಪತ್ತೊಂಬತ್ತು ನಂಬರು, ಹೆಚ್ಚಿನವು ಅಪ್ಪ ಅಮ್ಮಂದಿರ ಫೋನುಗಳು. ಪವಿತ್ರ, ಅವಳ ತಾಯಿ, ನಾನು, ಮೂವರೂ ಮೂರು ಸಂಜೆ ನಾಲ್ಕು ಹಳ್ಳಿ ತಿರುಗಿದೆವು. ಪ್ರತಿ ಮನೆಯ ಮುಂದೆಯೂ ಅವಳೇ ಹೇಳಬೇಕಿತ್ತು: "ನಾನು ಕದ್ದು ಕಳಿಸಿದ ವಿಡಿಯೊ ನಿಮ್ಮ ಫೋನಲ್ಲಿದೆ. ಅಳಿಸಿ." ಕೆಲವರು ಬೈದರು, ಕೆಲವರು ಕಾಫಿ ಕೊಟ್ಟರು, ಒಬ್ಬರು ನಮ್ಮೆದುರೇ ಮತ್ತೊಮ್ಮೆ ನೋಡಿ ನಕ್ಕು ಅಳಿಸಿದರು. ಟೈಲರ್ ರಹಮತ್ ಸಾಬರು ಹೊಲಿಗೆ ನಿಲ್ಲಿಸದೆಯೇ ಹೇಳಿದರು: "ಅವತ್ತೇ ತೆಗೆದ್ಬಿಟ್ಟೆ ಮೇಡಮ್. ಯಾರದೋ ಮನೇ ಅಮ್ಮಿ ನನ್ನ ಫೋನಲ್ಲಿ ಯಾಕೆ?" ಮೂವತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಇಷ್ಟು ಚಿಕ್ಕ, ಇಷ್ಟು ಸರಿಯಾದ ಸುತ್ತೋಲೆ ನನಗೆ ಬಂದಿರಲಿಲ್ಲ.

ಪೂರ್ತಿ ಅಳಿಯಿತೆಂದು ನಾನು ಎದೆ ತಟ್ಟಿ ಹೇಳಲಾರೆ. ಅಲ್ಲಿಂದ ಮುಂದಕ್ಕೆ ಹೋದದ್ದು ಎಲ್ಲೆಲ್ಲಿದೆಯೋ.

ನಾಲ್ಕನೆಯ ಸಂಜೆ ಮುಳಬಾಗಿಲಿನಲ್ಲಿ ಮೇಷ್ಟ್ರ ಮನೆಗೆ ಹೋದೆವು. ಗೇಟಿನ ಹೊರಗೆ ನಿಂತು ಪವಿತ್ರ ಎಲ್ಲ ಹೇಳಿದಳು. ಕೊನೆಗೆ, "ಒಳಗೆ ಬಂದು ಅಜ್ಜಿ ಕಾಲಿಗೆ ಬೀಳ್ಲಾ ಸಾರ್?" ಎಂದಳು.

ಮೇಷ್ಟ್ರು ಗೇಟಿನ ಚಿಲಕದ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. "ಇವತ್ತು ಬೇಡಮ್ಮ," ಎಂದರು.

ದಾರಿಯುದ್ದಕ್ಕೂ ಅವಳು ಅತ್ತಳು. ನನಗೋ, ಬಹಳ ದಿನಗಳ ಮೇಲೆ ಸಮಾಧಾನವಾಗಿತ್ತು. ಬೇಡ ಎನ್ನುವ ಅವಕಾಶವನ್ನು ಅವರಿಗೆ ಮೊದಲು ಕೊಡದೆ ಹೋದವಳು ನಾನು. ಈಗ ಅದನ್ನು ಅವರು ಬಳಸಿದ್ದರು.

ಸೋಮವಾರ ಮೇಷ್ಟ್ರು ಶಾಲೆಗೆ ಬಂದರು. ನಿಯೋಜನೆಯ ಅರ್ಜಿಯನ್ನು ವಾಪಸ್ ತೆಗೆದುಕೊಂಡು ಹರಿದರು. ನಾನು ಶಾಲೆಗೆಂದೇ ಒಂದು ಅಗ್ಗದ ಫೋನು ತಂದಿದ್ದೆ. ಅದನ್ನು ಹಿಡಿದು ದಿನವೂ ನಾನೇ ಮಹಡಿ ಹತ್ತಿದೆ. ತೂಕ ನಾಲ್ಕು ಕೆಜಿ ಇಳಿಯಿತು. ಹಿಂದಿನ ಬೆಂಚಿನಲ್ಲಿ ಇನ್ನೊಮ್ಮೆ "ಇಂಕಾ ಗಟ್ಟಿಗಾ" ಎಂಬ ದನಿ ಎದ್ದಾಗ, ತಿರುಗಿ ಗದರಿದವಳು ಪವಿತ್ರಳೇ ಎಂದು ಆಮೇಲೆ ಕೇಳಿದೆ.

ರಿಸಲ್ಟ್ ಬಂದ ದಿನ ಅವಳು ಸಿಹಿ ಹಿಡಿದು, ನನ್ನನ್ನೂ ಎಳೆದುಕೊಂಡು, ಅದೇ ಗೇಟಿನ ಮುಂದೆ ನಿಂತಳು. ಗಣಿತದಲ್ಲಿ ತೊಂಬತ್ತೊಂದು. "ಬರ್ಬಹುದಾ ಸಾರ್?"

"ಬಾಮ್ಮ," ಎಂದರು ಮೇಷ್ಟ್ರು. ಗೇಟು ತೆರೆಯಿತು. ಒಳಗಿನಿಂದ ಯಾರೋ ತೆಲುಗಿನಲ್ಲಿ, ಬಂದವರು ಯಾರೆಂದು ಕೇಳಿದರು.

ಅವಳ ಹಿಂದೆಯೇ ಒಂದು ಹೆಜ್ಜೆ ಇಟ್ಟವಳು ನಾನು ನಿಂತುಬಿಟ್ಟೆ. ಎಷ್ಟೋ ಮೇಷ್ಟ್ರುಗಳ ಕೋಣೆಗೆ, ಬೀರುವಿಗೆ, ಫೋನಿಗೆ ನಾನು ಕೇಳದೇ ಕೈ ಹಾಕಿದ್ದೆ. ಹೆಡ್‌ಮಿಸ್ ಎಂದರೆ ಕೇಳಬೇಕಿಲ್ಲವೆಂದೇ ತಿಳಿದಿದ್ದೆ. ನೌಕರಿ ಕಲಿಸಿದ ಕೊನೆಯ ಪಾಠ, ಕಲಿತದ್ದು ಗೇಟಿನ ಹೊರಗೆ.

"ನಾನೂ ಬರಬಹುದಾ ಮೇಷ್ಟ್ರೇ?" ಎಂದೆ.

ಅವರು ನಕ್ಕರು. ವಿಡಿಯೊದಲ್ಲಿ ನಗುತ್ತಿದ್ದರೆಂದು ಪವಿತ್ರ ಹೇಳಿದ್ದಳಲ್ಲ, ಆ ನಗು ಇದೇ ಇರಬೇಕು. ಆ ವಿಡಿಯೊವನ್ನು ನಾನು ಕೊನೆಗೂ ನೋಡಲಿಲ್ಲ.