ಅಜ್ಜಿ ತಟ್ಟಿದ ಗೆರೆ

ಹೈದರಾಬಾದಿನ ಆಸ್ಪತ್ರೆಗೆ ಹಸುಗೂಸುಗಳ ಮಿದುಳಿನ ಅಲೆ ತೋರಿಸುವ ಕಂಪ್ಯೂಟರ್ ಆಗಷ್ಟೇ ಬಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಜಹೀರಾಬಾದಿನವನಾದ ನನ್ನದು. ನಾರಾಯಣಖೇಡದ ಕಡೆಯ ಕುರುಬರ ಕೂಸೊಂದು ತಲೆಗೆ ಆ ಕಂಪ್ಯೂಟರಿನ ತಂತಿ ಅಂಟಿಸಿಕೊಂಡು ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿಗಿನ್ನೂ ಎಚ್ಚರವಿಲ್ಲವೆಂದು ಅಜ್ಜಿಯನ್ನು ಒಳಗೆ ಬಿಟ್ಟಿದ್ದರು.

ಮಧ್ಯಾಹ್ನ ತೆರೆಯ ಮೇಲಿನ ಗೆರೆ ಒಂದೇ ಸಮನೆ ಕುಣಿಯತೊಡಗಿತು. ಫಿಟ್ಸ್ ಬಂತೆಂದು ಹೆದರಿದೆ. ಕೂಗಿ ಕರೆದೆ. ಡಾಕ್ಟರು ಸೂಜಿಗೆ ಔಷಧಿ ಎಳೆದುಕೊಂಡೇ ಬಂದರು. ಅಷ್ಟರಲ್ಲಿ ಪೆಟ್ಟಿಗೆಯ ಕಿಂಡಿಯೊಳಗೆ ಅಜ್ಜಿಯ ಕೈ ಕಂಡಿತು. ಅವಳು ಕೂಸಿನ ಬೆನ್ನು ತಟ್ಟುತ್ತಿದ್ದಳು. ಗೆರೆ ಕುಣಿಯುತ್ತಿದ್ದದ್ದು ಅದೇ ಲಯಕ್ಕೆ.

“ಯವ್ವಾ, ತಟ್ಟೂದು ನಿಲ್ಸರಿ,” ಅಂದೆ.

“ಒಲ್ಲೆರೀ ಯಪ್ಪಾ.” ಅವಳು ತಟ್ಟುತ್ತಲೇ ಇದ್ದಳು. “ಆಗಿಂದ ನೋಡ್ಲತ್ತೀನಿ. ಕೈ ತೆಗದ್ರ ಗೆರಿ ಮಲಕೋತದ, ತಟ್ಟಿದ್ರ ಏಳ್ತದ. ಬಿಟ್ರ ಕೂಸು ಹೋಗ್ತದರಿ.”

ಅವಳ ಕೈಯನ್ನು ನಾನೇ ಹಿಡಿದು ಹೊರಗೆ ತೆಗೆದೆ. ಗೆರೆ ಸಣ್ಣಗಾಯಿತು. ಕೂಸು ಆಕಳಿಸಿತು. ಡಾಕ್ಟರು ಸೂಜಿ ಕೆಳಗಿಟ್ಟರು.

“ಕುಣಿದದ್ದು ನಿಮ್ಮ ಕೈರಿ, ಕೂಸಿಂದು ಈ ಸಣ್ಣ ಗೆರಿ,” ಎಂದು ನಾನು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ಅವಳಿಗೆ ಕಾಣದಂತೆ ತೆರೆಯನ್ನೇ ನನ್ನ ಕಡೆ ತಿರುಗಿಸಿದೆ. ಕೂಸಿನ ಮುಖವೊಂದನ್ನೇ ನೋಡುತ್ತ ಕೂತ ಮೇಲೆ ಅವಳ ಹೆದರಿಕೆ ಇಳಿಯಿತು.

ಅಲ್ಲಿಂದ ಗೆರೆಗೆ ಹೆದರುವ ಕೆಲಸವೂ ನನ್ನದೇ ಆಯಿತು.